ಮಾವಿನ ದಪ್ಪ ತುಂಡು ಕೊನೆಗೂ ಸೀಳಿದ್ದು ಹೀಗೆ

ಬಚ್ಚಲೊಲೆಗೆಂದು ಬಿದ್ದ ಮಾವಿನ ಮರ ಕೊಯ್ದಿದ್ದೆ. 2.5 ಅಡಿ ಅಗಲ, 15 ಇಂಚು ಉದ್ದದ ತುಂಡುಗಳು. ನಡುವೆ ಹೊಡೆದರೆ ಕೊಡಲಿ ಕಚ್ಚಿಕೊಂಡು ಕೂರುತ್ತಿತ್ತು, ಬಿರುಕೇ ಇಲ್ಲ.

ಕಬ್ಬಿಣದ ಎರಡು ಬೆಣೆ ಹೊಡೆದೆ, ಎರಡೂ ಒಳಗೇ ಹೂತುಹೋದವು. ಒಣಗಲು ಬಿಟ್ಟೆ, ಗಂಟಿನ ತುಂಡುಗಳು ಇನ್ನೂ ಗಟ್ಟಿಯಾದವು. ತುಂಡು ನಿಲ್ಲಿಸಿ ಮೇಲಿಂದ ಚೈನ್ ಸಾ (ಯಂತ್ರದ ಗರಗಸ) ಇಟ್ಟೆ. ಬರೀ ಹಿಟ್ಟಿನಂಥ ಪುಡಿ, ಚೈನ್ ಮೊಂಡಾಯಿತು.

ಮರದ ಎಳೆ ನೇರ ಇರುವ ತುಂಡಾದರೆ ನಡುವನ್ನು ಮುಟ್ಟಬೇಡಿ. ಅಂಚಿನಿಂದ 3-4 ಇಂಚು ಒಳಗೆ ಹೊಡೆದು, ಸುತ್ತಲೂ ಹಲಗೆಯಂತೆ ಎಬ್ಬಿಸುತ್ತಾ ಬನ್ನಿ. ಹಲಸಿನ ಹಣ್ಣು ಬಿಡಿಸಿದ ಹಾಗೆ ತಿರುಳು ಕೊನೆಗೆ.

ಕವಲಿನ ತುಂಡಿಗೆ ಕೊಡಲಿ ಪ್ರಯೋಜನವಿಲ್ಲ, ಚೈನ್ ಸಾ ಬೇಕು. ಅದನ್ನು ಮಲಗಿಸಿ, ಉರುಳದಂತೆ ಎರಡೂ ಬದಿ ಕಟ್ಟಿಗೆ ಒತ್ತು ಕೊಡಿ. ತೊಗಟೆಯ ಮಣ್ಣು ಕೆರೆದು ತೆಗೆಯಿರಿ. ಗರಗಸದ ಬಾರ್ ಅನ್ನು (ಚೈನ್ ಸುತ್ತುವ ಉದ್ದ ಪಟ್ಟಿ) ಮರದ ಎಳೆಯ ಉದ್ದಕ್ಕೇ ಇಟ್ಟು ಮೇಲಿಂದ ಕೊಯ್ಯಿರಿ. ನನ್ನದು 18 ಇಂಚಿನ ಬಾರ್, ತುದಿ ಆಚೆ ಕಾಣುತ್ತಿರಬೇಕು. ಒಳಗೆ ಹುದುಗಿದರೆ ಗರಗಸ ಹಿಂದಕ್ಕೆ ಚಿಮ್ಮಬಹುದು. ಈಗ ಪುಡಿಯಲ್ಲ, ಶಾವಿಗೆಯಂಥ ಉದ್ದ ಎಳೆ ಬರುತ್ತದೆ. ಅದು ಚೈನ್ ಕವರಿನೊಳಗೆ ತುಂಬಿಕೊಳ್ಳುತ್ತದೆ. ಆಗಾಗ ಇಂಜಿನ್ ಆರಿಸಿ ತೆಗೆಯಲೇಬೇಕು.

ಪೂರ್ತಿ ಕೊಯ್ಯಬೇಡಿ. ಕೆಳಗೆ 2 ಇಂಚು ಉಳಿದಾಗ ನಿಲ್ಲಿಸಿ, ಸೀಳಿಗೆ ಬೆಣೆ ಇಟ್ಟು ಹೊಡೆಯಿರಿ. ಎರಡು ಪೆಟ್ಟು ಸಾಕು.

ಮೊಂಡಾದ ಚೈನ್ ಹರಿತ ಮಾಡಲು, ಅದರ ಪಿಚ್ (ಕೊಂಡಿಗಳ ಅಂತರದ ಅಳತೆ) 0.325 ಇಂಚಾದರೆ 4.8 ಮಿ.ಮೀ. ದುಂಡು ಅರ, 30 ಡಿಗ್ರಿ ಓರೆ. ಎಡಬಲದ ಹಲ್ಲಿಗೆ ಸಮ ಉಜ್ಜಿ, ಇಲ್ಲದಿದ್ದರೆ ಕೊಯ್ತ ಸೊಟ್ಟಗೆ ಹೋಗುತ್ತದೆ.