ಏರಿ ಸೀಳಿ ಬೆಂಟೊನೈಟ್ ಗೋಡೆ ಇಳಿಸಿದ್ದು: ಸಾಗರ ತಾಲ್ಲೂಕಿನ ಕಡೆಯ ಕೆರೆಯಲ್ಲಿ ನನ್ನ ಅನುಭವ

ಸೋರುತ್ತಿದ್ದ ಕೆರೆಯ ಏರಿಯನ್ನು ಉದ್ದಕ್ಕೆ ಸೀಳಿ ಬೆಂಟೊನೈಟ್ (ನೀರಿಗೆ ಉಬ್ಬುವ ಜೇಡಿ) ಬೆರೆಸಿದ ಮಣ್ಣಿನ ಗೋಡೆ ಇಳಿಸಲು ಹೊರಟೆ. ಹಾಗೆ ಸೀಳಿದರೆ ಮಳೆಗಾಲಕ್ಕೆ ಏರಿಯೇ ಉಳಿಯಲ್ಲ ಅಂದವರೇ ಹೆಚ್ಚು. ಈಗ ಕೆಳಗಿನ ಅಡಿಕೆ ತೋಟದ ಜೌಗು ಆರಿದೆ. ಕೆರೆ ಅದೇ ಮಟ್ಟದಲ್ಲಿದ್ದಾಗ ಸೋರುನೀರು ಅಳೆಯುವ 90 ಡಿಗ್ರಿ ವಿ-ನಾಚ್‌ನಲ್ಲಿ (V ಆಕಾರದ ಕಚ್ಚು ಇರುವ ಹಲಗೆ) 10 ಸೆಂ.ಮೀ. ಇದ್ದ ನೀರು 3ಕ್ಕೆ ಇಳಿದಿದೆ. ಸೆಕೆಂಡಿಗೆ 4 ಲೀಟರ್ ಚಿಲ್ಲರೆ ಇದ್ದದ್ದು ಕಾಲು ಲೀಟರಿನ ಒಳಗೆ ಬಂತು.

ಮೊದಲು ಒಳಮೈಗೆ ಜೇಡಿ ಹೊದಿಸಿದ್ದು ಬೇಸಿಗೆಯಲ್ಲಿ ಬಿರಿಯಿತು. ಸಿಮೆಂಟ್ ಗ್ರೌಟನ್ನು (ಒಳಗೆ ತುಂಬುವ ತೆಳು ಸಿಮೆಂಟ್ ಕಲಸು) ಜಂಬಿಟ್ಟಿಗೆಯ ಪೊಟರೆಗಳು ಕುಡಿದುಬಿಟ್ಟವು. ಸುಮಾರು 80 ಸಾವಿರ ನೀರಿಗೆ ಹಾಕಿದ ಹಾಗಾಯಿತು. ನೀರು ಹೋಗುತ್ತಿದ್ದದ್ದು ಏರಿಯಲ್ಲಲ್ಲ, ಅದರ ಬುಡದಲ್ಲಿ. ಜಂಬಿಟ್ಟಿಗೆಯ ಕೆಳಗಿನ ಶೇಡಿಮಣ್ಣು ಕೈಗೆ ನುಣುಪು, ಹರಿವ ನೀರಿಗೆ ಸಿಕ್ಕರೆ ಎದ್ದು ಹೋಗುತ್ತದೆ. ಗೋಡೆಯನ್ನು ಅದರಲ್ಲಿ ನಿಲ್ಲಿಸದೆ ಕೆಳಗಿನ ಕಲ್ಲಿಗೆ ಅರ್ಧ ಮೀಟರ್ ಕಚ್ಚಿಸಿದೆವು.

ಏರಿಯ ತಲೆ 1 ಮೀಟರ್ ತಗ್ಗಿಸಿ, 60 ಸೆಂ.ಮೀ. ಅಗಲ, 6 ಮೀಟರ್ ಚಿಲ್ಲರೆ ಆಳ, 45 ಮೀಟರ್ ಉದ್ದ ತೋಡಿದೆವು. 100 ಲೀಟರ್ ನೀರಿಗೆ 5-6 ಕೆ.ಜಿ. ಕಛ್‌ನ ಸೋಡಿಯಂ ಬೆಂಟೊನೈಟ್ ಕಲಸಿ ಒಂದು ರಾತ್ರಿ ನೆನೆಯಬೇಕು. ಇದೇ ಸ್ಲರಿ, ತೋಡುವಾಗ ಕಂದಕದ ಪಕ್ಕ ಕುಸಿಯದಂತೆ ಅದರೊಳಗೆ ತುಂಬಿಡುವ ದ್ರವ. ಮಾರ್ಷ್ ಫನಲ್‌ನಲ್ಲಿ (ಸ್ಲರಿ ಇಳಿಯುವ ಹೊತ್ತಿನಿಂದ ಅದರ ಹದ ನೋಡುವ ಆಲಿಕೆ) 40 ಸೆಕೆಂಡ್ ಬರಲಿ. ಗಡಸು ಬೋರ್‌ವೆಲ್ ನೀರಿನಲ್ಲಿ ಬೆಂಟೊನೈಟ್ ಉಬ್ಬದೆ ಗಂಟಾಗುತ್ತದೆ, ಕೆರೆ ನೀರೇ ಆಗಬೇಕು. ಬೆಂಟೊನೈಟ್ ಬದಲು ಕೆರೆಗೋಡು ಕಲಸಿಯೂ ನೋಡಿದೆ. ಬಾಟಲಿಯಲ್ಲಿ ಬೆಳಗಾಗುವಷ್ಟರಲ್ಲಿ ಮೇಲೆ ನಾಲ್ಕು ಬೆರಳು ತಿಳಿನೀರು, ಕೆಳಗೆ ಕೆಸರು. ಸ್ಲರಿಗೆ ಅದು ಬೇಡ, ಕೊನೆಗೆ ಕಂದಕಕ್ಕೆ ತುಂಬಿ ಗೋಡೆಯಾಗುವ ಮಣ್ಣಿಗೆ ಚೆನ್ನ.

ಅಪಾಯವೆಲ್ಲ ಸ್ಲರಿ ಮಟ್ಟದ್ದು. ಕೆರೆ ನೀರಿಗಿಂತ 1 ಮೀಟರ್ ಮೇಲಿರಲೇಬೇಕು. ಬಕೆಟ್ಟು ಪೊಟರೆಗೆ ತಾಗಿದರೆ ಕಣ್ಣೆದುರೇ ಮೊಣಕಾಲುದ್ದ ಇಳಿಯುತ್ತದೆ, ಪಕ್ಕದ ಮಣ್ಣು ಹಿಂದೆಯೇ ಜಾರುತ್ತದೆ. ಅದಕ್ಕೆ ಜೇಡಿ ಉಂಡೆ, ಮರದ ಹೊಟ್ಟು ದಂಡೆಯಲ್ಲೇ ಸಿದ್ಧವಿರಲಿ. ಉಂಡೆಗೆ ಇನ್ನೊಂದು ಸಾಮಾನು ಬೆರೆಸುತ್ತೇನೆ. ಅದು ನನ್ನ ಕಸುಬಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ತುಂಬುವ ಮುಂಚೆ ಹಗ್ಗಕ್ಕೆ ಗುಂಡು ಕಟ್ಟಿ ತಳ ನೋಡಿ. ಕೂತ ಮರಳು ತೆಗೆಯದಿದ್ದರೆ ಅಲ್ಲೇ ಸೋರುತ್ತದೆ. ಮಣ್ಣಿಗೆ ಸ್ಲರಿ ಬೆರೆಸಿ ಸ್ಲಂಪ್ (ಶಂಕುವಿನಾಕಾರದ ಅಚ್ಚು ಎತ್ತಿದಾಗ ಕಲಸು ಕುಸಿಯುವ ಅಳತೆ) 10-15 ಸೆಂ.ಮೀ. ಬರುವ ಹದಕ್ಕೆ ತನ್ನಿ. ಮೊದಲ ಬಕೆಟ್ಟುಗಳನ್ನು ತಳಕ್ಕೇ ಇಳಿಸಿ, ಆಮೇಲಿನದು ಆ ಇಳಿಜಾರಿನ ಮೇಲೆ ಜಾರಿಕೊಂಡು ಹೋಗಲಿ. ಮೇಲಿಂದ ಸುರಿದರೆ ಜಲ್ಲಿ ಒಂದು ಕಡೆ, ಜೇಡಿ ಒಂದು ಕಡೆ.

ಹಿಟಾಚಿ ಬಾಡಿಗೆ ಲಕ್ಷದ ಹತ್ತಿರ, ಬೆಂಟೊನೈಟ್ 50 ಸಾವಿರ, ಮಣ್ಣು-ಕೂಲಿ ಸೇರಿ ಒಟ್ಟು ಎರಡೂಕಾಲು ಲಕ್ಷ. ಗೋಡೆ ಗೇಣುದ್ದ ಕೂತ ಮೇಲೆ ಜೇಡಿ ಟೊಪ್ಪಿ ಹಾಕಿ ಏರಿಯನ್ನು ಹಳೆಯ ಎತ್ತರಕ್ಕೆ ತಂದೆವು. ಉಳಿದ ಕಾಲು ಲೀಟರ್ ಬರುತ್ತಿರುವುದು ಎಡಗಡೆ ಗುಡ್ಡದ ಸಂದಿನಿಂದ. ಬೇಸಿಗೆಯಲ್ಲಿ ಅಲ್ಲಿಗೆ ಇನ್ನೂ 6 ಮೀಟರ್ ಗೋಡೆ ಎಳೆಯಬೇಕು.