ಕಾರ್ಬೋರೇಟರ್ ಟ್ಯೂನಿಂಗ್: ಸ್ಕ್ರೂಗೆ ಕೈ ಹಾಕೋದು ಕೊನೆಗೆ

ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೊಲಕ್ಕೆ ನಾನು ಓಡಾಡೋದು ಹಳೇ ಸ್ಪ್ಲೆಂಡರ್‌ನಲ್ಲಿ. ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಂತಿತ್ತು. ಹೊರಗೆ ತೆಗೆದ ಮೇಲೆ ಸಿಗ್ನಲ್‌ಗೆ ನಿಂತರೆ ಬಂದ್ ಬೀಳುತ್ತಿತ್ತು, ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಇಂಥದ್ದಕ್ಕೆ ಎಲ್ಲರೂ ಸೀದಾ ಸ್ಕ್ರೂಡ್ರೈವರ್ ಹಿಡಿದು ಕಾರ್ಬೋರೇಟರ್, ಅಂದ್ರೆ ಗಾಳಿ-ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗದ ಸ್ಕ್ರೂ ತಿರುಗಿಸುತ್ತಾರೆ. ನಮ್ಮ ಓಣಿಯ ಮೆಕ್ಯಾನಿಕ್ ಕಾಕಾ ಮಾತ್ರ, 'ಮೊದಲ ಏರ್ ಫಿಲ್ಟರ್ ತಗದ ನೋಡೋ ತಮ್ಮಾ' ಅನ್ನುತ್ತಾರೆ. ಅದೇ ಸರಿ.

ಫಿಲ್ಟರ್‌ನಲ್ಲಿ ಎರಿ ಮಣ್ಣಿನ ಧೂಳು ಕೂತಿತ್ತು, ಝಾಡಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿತ್ತು. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬಿಳಿ ಇದ್ದರೆ ಗಾಳಿ ಜಾಸ್ತಿ, ಕಾಫಿ ಬಣ್ಣ ಇದ್ದರೆ ಸರಿ. ಹಾಗಾದರೆ ಎಲ್ಲೋ ಗಾಳಿ ಎಳೀತಿರಬೇಕು, ಇಲ್ಲಾ ಪೆಟ್ರೋಲ್ ಹಾಯೋ ಸಣ್ಣ ತೂತಿನ ಜೆಟ್ ಕಟ್ಟಿರಬೇಕು ಅಲ್ವಾ? ಕಾರ್ಬೋರೇಟರ್ ಮತ್ತು ಎಂಜಿನ್ ನಡುವಿನ ಪ್ಯಾಕಿಂಗ್ ಗಟ್ಟಿಯಾಗೇ ಇತ್ತು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೋರೇಟರ್ ಕೆಳಗಿನ ಬಟ್ಟಲು ಬಿಚ್ಚಿ, ಎಕ್ಸಲೇಟರ್ ಬಿಟ್ಟಾಗ ಪೆಟ್ರೋಲ್ ಕೊಡೋ ಸ್ಲೋ ಜೆಟ್ ತೆಗೆದು ಬಿಸಿಲಿಗೆ ಹಿಡಿದೆ. ಕೂದಲೆಳೆಯಷ್ಟು ತೂತು, ಅದರಲ್ಲಿ ಬೆಳಕೇ ಕಾಣಲಿಲ್ಲ. ನಿಂತ ಪೆಟ್ರೋಲ್ ಒಣಗಿ ಅಂಟಾಗಿ ಕೂತಿತ್ತು. ಇದಕ್ಕೆ ಸೂಜಿ ಚುಚ್ಚಬೇಡಿ, ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಹೊಸದೇ ಹಾಕಬೇಕು. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದರೆ ಸಾಕು.

ಆಮೇಲೆ ಟ್ಯೂನಿಂಗ್. ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಆಫ್ ಇರಬೇಕು, ಜಾಗ ಬಯಲಾಗಿರಬೇಕು. ಸ್ಟಾರ್ಟ್ ಮಾಡೋ ಮುಂಚೆಯೇ, ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸೋ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತಂದೆ. ಬಿಗಿಯಾಗಿ ಒತ್ತಿದರೆ ತುದಿ ಕೆಡುತ್ತದೆ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಹೊರಗೆ ಬಿಟ್ಟಷ್ಟೂ ಗಾಳಿ ಜಾಸ್ತಿ, ಎಂಜಿನ್ ಕಡೆ ಇದ್ದರೆ ಉಲ್ಟಾ, ಪೆಟ್ರೋಲ್ ಜಾಸ್ತಿ. ಇದು ಗೊತ್ತಿಲ್ಲದೆ ಸುಮ್ನೆ ತಿರುಗಿಸಬಾರದು. ಗಾಡಿ ಚಾಲೂ ಮಾಡಿ ಬಿಸಿಯಾದ ಮೇಲೆ ಐಡಲ್ (ಎಕ್ಸಲೇಟರ್ ಬಿಟ್ಟಾಗಿನ ಎಂಜಿನ್ ವೇಗ) ಸ್ವಲ್ಪ ಏರಿಸಿಕೊಂಡು, ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲ ಸ್ವಲ್ಪ ತಡೆದು ಸದ್ದು ಕೇಳುತ್ತಾ ಹೋದರೆ ಒಂದು ಕಡೆ ಎಂಜಿನ್ ತಾನೇ ಚುರುಕಾಗುತ್ತದೆ, ಅದನ್ನು ದಾಟಿದರೆ ಮತ್ತೆ ಮಂಕಾಗುತ್ತದೆ. ಆ ಚುರುಕು ಜಾಗದಲ್ಲೇ ಬಿಟ್ಟು, ಐಡಲ್ ಸ್ಕ್ರೂನಿಂದ 1400 ಆರ್‌ಪಿಎಂ ಆಸುಪಾಸಿಗೆ ಇಳಿಸಿದೆ.

ಕೊನೆಗೆ ಎಕ್ಸಲೇಟರ್ ಝಟ್ಟನೆ ತಿರುಗಿಸಿ ಬಿಟ್ಟೆ. ತಡವರಿಸದೆ ಏರಿತು, ಹಾಗೇ ಸಲೀಸಾಗಿ ಇಳಿಯಿತು. ಇಳಿಯೋಕೆ ಹೊತ್ತು ಹಿಡಿದರೆ ಇನ್ನೂ ಗಾಳಿ ಜಾಸ್ತಿ ಇದೆ ಅಂತ ತಿಳೀರಿ. ಗಾಡಿ ಬಹಳ ದಿನ ನಿಲ್ಲಿಸೋದಿದ್ದರೆ ಕಾಕ್ ಬಂದ್ ಮಾಡಿ, ಬಟ್ಟಲಿನ ಡ್ರೇನ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಖಾಲಿ ಮಾಡಿಬಿಡಿ.