ಬಾಯ್ಲರ್ ಪ್ರೆಷರ್ ಪದೇ ಪದೇ ಇಳೀತಿದ್ರೆ ಫಿಲ್ಲಿಂಗ್ ಲೂಪ್ ನೋಡಿ: ಯುಕೆಗೆ ಹೊಸದಾಗಿ ಬಂದವರಿಗೆ

ಅಕ್ಟೋಬರ್ ಕೊನೇಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗತ್ತಲ್ಲ, ಆ ವಾರದಿಂದ ನಂಗೆ ಹೊಸದಾಗಿ ಬಂದ ನಮ್ಮೋರ ಫೋನ್ ಬರೋಕೆ ಶುರು ಆಗತ್ತೆ, ಅಣ್ಣ ಹೀಟಿಂಗ್ ನಿಂತೋಯ್ತು, ಮನೇಲಿ ಚಿಕ್ಕ ಮಗು ಇದೆ, ಬಾಯ್ಲರ್ ಮೇಲೆ ಎಫ್ 22 ಅಂತ ತೋರಿಸ್ತಿದೆ ಅಂತ. ವೇಲಂಟ್ ಬಾಯ್ಲರಲ್ಲಿ ಎಫ್ 22, ಐಡಿಯಲ್ ಲಾಜಿಕಲ್ಲಿ ಎಫ್ 1, ಎರಡಕ್ಕೂ ಅರ್ಥ ಒಂದೇ: ಒಳಗೆ ನೀರಿನ ಪ್ರೆಷರ್ ಸಾಲ್ತಿಲ್ಲ.

ನಮ್ಮೂರಲ್ಲಿ ಗೀಸರ್, ಸೋಲಾರ್ ಅಷ್ಟೇ ನೋಡಿರೋರಿಗೆ ಇದು ಪೂರ್ತಿ ಹೊಸದು. ಇಲ್ಲಿ ಬಾಯ್ಲರ್ ಕಾಯಿಸಿದ ನೀರು ಗೋಡೆಗಿರೋ ರೇಡಿಯೇಟರ್ ಅನ್ನೋ ಲೋಹದ ಪ್ಯಾನೆಲ್ ಒಳಗೆ ಸುತ್ತಿ ಮನೆ ಬಿಸಿ ಮಾಡತ್ತೆ. ಹಾಗೆ ಸುತ್ತೋ ನೀರು ಬೇರೆ, ನಲ್ಲೀಲಿ ಬರೋ ನೀರು ಬೇರೆ. ರೇಡಿಯೇಟರ್ ನೀರು ಮುಚ್ಚಿದ ಪೈಪಲ್ಲಿ ವರ್ಷಗಟ್ಲೆ ಅದೇ ಸುತ್ತುತ್ತಾ ಇರತ್ತೆ. ಬಾಯ್ಲರ್ ತಣ್ಣಗಿದ್ದಾಗ ಅದರ ಪ್ರೆಷರ್ ತೋರಿಸೋ ಗೇಜ್ 1ರಿಂದ 1.5 ಬಾರ್ (ಪ್ರೆಷರ್ ಅಳತೆ) ಒಳಗಿದ್ರೆ ಸಾಕು, ಬಿಸಿಯಾದಾಗ 2ರ ಹತ್ರ ಹೋದ್ರೂ ಗಾಬರಿ ಬೇಡ, 3 ಮುಟ್ಟಿದ್ರೆ ಸೇಫ್ಟಿ ವಾಲ್ವ್ ತೆರ್ಕೊಂಡು ಗೋಡೆ ಆಚೆ ಇರೋ ತಾಮ್ರದ ಪೈಪಿಂದ ನೀರು ಸುರಿಯತ್ತೆ. ಕಮ್ಮಿಯಾದಾಗ ನೀರು ತುಂಬೋಕೆ ಅಂತ ಬಾಯ್ಲರ್ ಕೆಳಗೆ ಸ್ಟೀಲ್ ಹೆಣೆದ ಒಂದು ಸಣ್ಣ ಪೈಪ್ ಇರತ್ತೆ, ಎರಡೂ ತುದೀಲಿ ವಾಲ್ವ್, ಅದೇ ಫಿಲ್ಲಿಂಗ್ ಲೂಪ್.

ಈ ಮನೆಗೆ ಬಂದ ಮೊದಲನೇ ಚಳಿಗಾಲ ನಾವು ಮೂರು ದಿನಕ್ಕೊಂದ್ಸಲ ಈ ವಾಲ್ವ್ ತಿರುಗಿಸಿ ಪ್ರೆಷರ್ ಏರಿಸ್ತಾ ಇದ್ವಿ, ಎಲ್ಲಿಂದ ಹೋಗ್ತಿದೆ ಅಂತ ನೋಡ್ಲೇ ಇಲ್ಲ. ಊರಿಂದ ಬಂದಿದ್ದ ಅಮ್ಮ ಅಡುಗೆಮನೆ ಕಪಾಟಲ್ಲಿ ಅಕ್ಕಿ ಡಬ್ಬ ಎತ್ತಿದಾಗ ಕೆಳಗಿನ ಹಲಗೆ ಊದ್ಕೊಂಡು ಹಪ್ಪಳದ ಥರ ಎದ್ದಿತ್ತು. ಮೇಲೆ ನೋಡಿದ್ರೆ ಲೂಪಿನ ನಟ್ ಸುತ್ತ ಹಸಿರು ಬಿಳಿ ಪುಡಿ, ಅದರ ತುದೀಲಿ ಒಂದು ಹನಿ. ಹನಿ ಅಂತ ಸಸಾರ ಮಾಡ್ಬೇಡಿ. ಪ್ರತಿ ಸಲ ಹೊಸ ನೀರು ಬಿಟ್ಟಾಗ ಜೊತೇಲಿ ಆಕ್ಸಿಜನ್ನೂ ಒಳಗೆ ಹೋಗತ್ತೆ, ತುಕ್ಕು ತಡೆಯೋಕೆ ಹಾಕಿರೋ ಇನ್ಹಿಬಿಟರ್ ತೆಳ್ಳಗಾಗತ್ತೆ, ರೇಡಿಯೇಟರ್ ಒಳಗೆ ತುಕ್ಕು ಹಿಡಿದು ಕಪ್ಪು ಗಸಿ ತಳಕ್ಕೆ ಕೂರತ್ತೆ, ಆಮೇಲೆ ಅದೇ ಗಸಿ ಬಾಯ್ಲರ್ ಪಂಪಿಗೆ ಹೋಗತ್ತೆ. ಹತ್ತಿಪ್ಪತ್ತು ಪೌಂಡಲ್ಲಿ ಮುಗಿಯೋ ಕೆಲಸ ನೂರಾರು ಪೌಂಡಿಗೆ ಏರೋದು ಹೀಗೇ.

ಬಾಡಿಗೆ ಮನೆ ಆದ್ರೆ ನೀವು ಕೈ ಹಾಕ್ಬೇಡಿ. ಫೋಟೋ ತೆಗೆದು ಏಜೆಂಟಿಗೆ ಇಮೇಲ್ ಮಾಡಿ, ಬರೀ ಫೋನಲ್ಲಿ ಹೇಳಿ ಬಿಡ್ಬೇಡಿ. ಇಂಗ್ಲೆಂಡಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಸೆಕ್ಷನ್ 11ರ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗಳಲ್ಲಿ ಹೀಟಿಂಗ್ ರಿಪೇರಿ ಮಾಲೀಕರ ಜವಾಬ್ದಾರಿ, ಕೇಳೋಕೆ ಸಂಕೋಚ ಪಡೋದು ಬೇಡ.

ಸ್ವಂತ ಮನೆ ಆದ್ರೆ, ಲೂಪ್ ಹೊರಗೆ ಕಣ್ಣಿಗೆ ಕಾಣೋ ಹಾಗಿದ್ರೆ ಮಾತ್ರ ನೀವೇ ಬದಲಾಯಿಸಬಹುದು, ಅದು ಬರೀ ನೀರಿನ ಕೆಲಸ. ಕೆಲವು ಬಾಯ್ಲರಲ್ಲಿ ಲೂಪ್ ಒಳಗೇ ಇರತ್ತೆ, ಕೀ ಹಾಕಿ ತಿರುಗಿಸೋ ಥರದ್ದು, ಅದನ್ನ ಗ್ಯಾಸ್ ಸೇಫ್ ರಿಜಿಸ್ಟರಲ್ಲಿ, ಅಂದ್ರೆ ಗ್ಯಾಸ್ ಕೆಲಸ ಮಾಡೋಕೆ ಅನುಮತಿ ಇರೋರ ಪಟ್ಟೀಲಿ, ಇರೋ ಇಂಜಿನಿಯರಿಗೇ ಬಿಡಿ, ಬಂದವರ ಕಾರ್ಡ್ ಕೇಳಿ ನೋಡಿ, ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅದರ ಹಿಂದೆ ಬರ್ದಿರತ್ತೆ. ಬಾಯ್ಲರ್ ಮುಚ್ಚಳ ಮಾತ್ರ ಬಿಚ್ಚಲೇಬೇಡಿ.

ಮೊದಲು ಸ್ಟಾಪ್ ಕಾಕ್, ಅಂದ್ರೆ ಮನೆಗೆ ಬರೋ ನೀರನ್ನ ನಿಲ್ಲಿಸೋ ವಾಲ್ವ್, ಎಲ್ಲಿದೆ ಹುಡುಕಿ, ಸಾಮಾನ್ಯವಾಗಿ ಅಡುಗೆಮನೆ ಸಿಂಕ್ ಕೆಳಗೆ. ಅದು ತಿರುಗತ್ತಾ ಅಂತ ನೋಡ್ದೆ ಸ್ಪ್ಯಾನರ್ ಮುಟ್ಬೇಡಿ. ಬಾಯ್ಲರ್ ಸ್ವಿಚ್ ಆಫ್ ಮಾಡಿ ಪೂರ್ತಿ ತಣ್ಣಗಾಗೋಕೆ ಬಿಡಿ, ಹಳೇ ಲೂಪಿನ ಫೋಟೋ ತಗೊಂಡು ಸ್ಕ್ರೂಫಿಕ್ಸ್ ಅಥವಾ ಟೂಲ್‌ಸ್ಟೇಷನ್ ಥರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತೋರಿಸಿ, ಹೆಚ್ಚಿನ ಮನೇಲಿ 15 ಎಂಎಂ ಸೈಜ್. ಸ್ಟಾಪ್ ಕಾಕ್ ಬಂದ್ ಮಾಡಿ, ಅಡುಗೆಮನೆ ನಲ್ಲಿ ಬಿಟ್ಟು ಪೈಪಲ್ಲಿ ಉಳಿದ ನೀರು ಇಳಿಸಿ, ಲೂಪಿನ ಎರಡೂ ವಾಲ್ವ್ ಮುಚ್ಚಿ. ವಾಲ್ವ್ ತಲೆ ಮೇಲೆ ಗೆರೆ ಇದ್ರೆ, ಅದು ಪೈಪ್ ಉದ್ದಕ್ಕೆ ನಿಂತಿದ್ರೆ ಓಪನ್, ಅಡ್ಡ ಇದ್ರೆ ಬಂದ್. ಕೆಳಗೆ ಪಾತ್ರೆ, ಟವೆಲ್ ಇಟ್ಟು ಒಂದು ಸ್ಪ್ಯಾನರಲ್ಲಿ ವಾಲ್ವ್ ಗಟ್ಟಿಯಾಗಿ ಹಿಡ್ಕೊಂಡು ಇನ್ನೊಂದರಲ್ಲಿ ನಟ್ ಬಿಚ್ಚಿ. ವಾಲ್ವ್ ಹಿಡೀದೆ ಬರೀ ನಟ್ ತಿರುಗಿಸಿದ್ರೆ ತಾಮ್ರದ ಪೈಪೇ ತಿರುಚ್ಕೊಳತ್ತೆ, ಆಗ ಪ್ಲಂಬರೇ ಗತಿ. ಒಂದು ಲೋಟದಷ್ಟು ನೀರು ಬರತ್ತೆ, ಅಷ್ಟೇ. ನಿಲ್ಲದೇ ಬರ್ತಾ ಇದ್ರೆ ಬಾಯ್ಲರ್ ಕಡೆ ವಾಲ್ವ್ ಕೆಟ್ಟಿದೆ ಅಂತ ಅರ್ಥ, ನಟ್ ವಾಪಸ್ ಬಿಗಿ ಮಾಡಿ ಪ್ಲಂಬರ್ ಕರೀರಿ, ಅದನ್ನ ಬದಲಾಯಿಸ್ಬೇಕಂದ್ರೆ ಸಿಸ್ಟಮ್ ನೀರು ಇಳಿಸ್ಬೇಕು.

ಹೊಸ ಪೈಪಿನ ನಟ್ ಒಳಗೆ ವಾಷರ್ ಕೂತಿದ್ಯಾ ನೋಡಿ, ಎಷ್ಟೋ ಸಲ ಹಳೇ ವಾಷರ್ ವಾಲ್ವಿಗೇ ಅಂಟಿರತ್ತೆ, ಅದನ್ನ ಉಗುರಲ್ಲಿ ಕೆರೆದು ತೆಗೀರಿ. ಕೈಯಲ್ಲಿ ಬಿಗಿಸಿ, ಆಮೇಲೆ ಸ್ಪ್ಯಾನರಲ್ಲಿ ಕಾಲು ಸುತ್ತು ಸಾಕು. ವಾಷರ್ ಇರೋ ಕಡೆ ಟೆಫ್ಲಾನ್ ಟೇಪ್ ಬೇಡ, ತಡೆಯೋದು ವಾಷರ್, ನಟ್ಟಿನ ಥ್ರೆಡ್ ಅಲ್ಲ. ಮೇನ್ಸ್ ಕಡೆ, ಅಂದ್ರೆ ಹೊರಗಿಂದ ನೀರು ಬರೋ ಕಡೆ, ಡಬಲ್ ಚೆಕ್ ವಾಲ್ವ್ ಇರಲೇಬೇಕು, ಆ ಕೊಳಕು ನೀರು ಕುಡಿಯೋ ನೀರಿಗೆ ವಾಪಸ್ ಸೇರದೇ ಇರೋದು ಅದರಿಂದಲೇ.

ಸ್ಟಾಪ್ ಕಾಕ್ ಓಪನ್ ಮಾಡಿ, ಲೂಪಿನ ಎರಡೂ ವಾಲ್ವ್ ತಿರುಗಿಸಿ ನಿಧಾನಕ್ಕೆ ತುಂಬಿ, ಗೇಜ್ 1.2 ಬಂದ ತಕ್ಷಣ ಎರಡೂ ವಾಲ್ವ್ ಬಂದ್. ರೇಡಿಯೇಟರಲ್ಲಿ ಗಾಳಿ ಇದ್ರೆ ಬ್ಲೀಡ್ ಮಾಡಿ, ಅಂದ್ರೆ ಆ ಗಾಳಿ ಹೊರಗೆ ಬಿಟ್ಟು, ಮತ್ತೆ ಗೇಜ್ ನೋಡಿ. ಎರಡೂ ನಟ್ಟಿಗೆ ಒಣ ಟಿಶ್ಯೂ ಸುತ್ತಿ ರಾತ್ರಿ ಬಿಡಿ, ಬೆಳಿಗ್ಗೆ ಒಣಗೇ ಇದ್ರೆ ಗೆದ್ರಿ. ಟಿಶ್ಯೂ ಒಣಗಿದ್ದೂ ಪ್ರೆಷರ್ ಇಳೀತಿದ್ರೆ ತೊಂದ್ರೆ ಬೇರೆ ಕಡೆ: ರೇಡಿಯೇಟರ್ ವಾಲ್ವ್, ಎಕ್ಸ್‌ಪಾನ್ಷನ್ ವೆಸಲ್ (ಬಿಸಿಯಾಗಿ ಹಿಗ್ಗೋ ನೀರಿಗೆ ಜಾಗ ಕೊಡೋ ಡಬ್ಬ), ಇಲ್ಲಾ ಆಚೆ ಪೈಪಲ್ಲಿ ತೊಟ್ಟಿಕ್ಕೋ ಸೇಫ್ಟಿ ವಾಲ್ವ್.

ತುಂಬಿದ ಮೇಲೆ ಪೈಪ್ ಬಿಚ್ಚಿಡಬೇಕು ಅಂತ ಇಲ್ಲಿನ ನೀರಿನ ನಿಯಮ, ಸುಮಾರು ಜನ ಹಾಗೇ ಬಿಟ್ಟಿರ್ತಾರೆ. ನಾನು ಬಿಚ್ಚಿ ಎರಡೂ ಬಾಯಿಗೆ ಕ್ಯಾಪ್ ಹಾಕಿ, ಪೈಪನ್ನ ಒಂದು ಕವರಲ್ಲಿ ಬಾಯ್ಲರ್ ಪಕ್ಕದ ಮೊಳೆಗೆ ನೇತು ಹಾಕಿದೀನಿ, ಸ್ಪ್ಯಾನರೂ ಅದರಲ್ಲೇ ಇದೆ.